ಕೊಡ ತುಂಬುವ ಹೊತ್ತು

ಶಾಲೆಯ ಕಂಪ್ಯೂಟರ್ ಕೋಣೆಗೆ ಗುಲಾಬಿಯಕ್ಕ
ಚಪ್ಪಲಿ ಹೊರಗೇ ಬಿಟ್ಟು ಬಂದಳು.
ಕಂಕುಳಲ್ಲಿ ರೇಷನ್ ಚೀಲ, ಚೀಲದಲ್ಲಿ
ಬೀಡಿ ಬ್ರಾಂಚಿನ ಹಳೆಯ ಲೆಕ್ಕಪುಸ್ತಕ.
ಹನ್ನೊಂದು ವರ್ಷ, ವಾರಕ್ಕೊಂದು ಸಲ
ಪೈವಳಿಕೆ ಗುಡ್ಡದ ಸುರಂಗದ ಬಾಯಲ್ಲಿ
ಕೊಡ ಹಿಡಿದು ಕೂತು ಎಣಿಸಿದ್ದಾಳೆ,
ತುಳುಕಿದಾಗಿನ ಅಂಕೆ ಬರೆದಿದ್ದಾಳೆ.
ಆಟಿಯಲ್ಲಿ ಇಪ್ಪತ್ತೆರಡು.
ಪಗ್ಗುವಿನಲ್ಲಿ ಮುನ್ನೂರ ನಲವತ್ತು.

ಎಂಟನೇ ಕ್ಲಾಸಿನ ಮಿಸ್ರಿಯ ಎರಡು ಮಧ್ಯಾಹ್ನ ಕೂತು
ಅಷ್ಟನ್ನೂ ಒಳಗೆ ಇಳಿಸಿದಳು.
ಸಾಫ್ಟ್‌ವೇರಿಗೆ ಕಾಸಿಲ್ಲ, ಬೀಗವೂ ಇಲ್ಲ;
ಯಾವುದೋ ಊರಿನ ಯಾರೋ ನಿದ್ದೆಗೆಟ್ಟು ಬರೆದು
ಅರವಟ್ಟಿಗೆಯಂತೆ ಇಟ್ಟು ಹೋದದ್ದು.
ಕನ್ನಡದಲ್ಲಿ ಹೆಸರು ಕೊಟ್ಟರೆ ಮಾತ್ರ
ಅಕ್ಷರದ ಬದಲು ಖಾಲಿ ಚೌಕ, ಚೌಕ, ಚೌಕ.
ಇಲ್ಲಿನ ಆಫೀಸುಗಳ ನೋಟೀಸು ಓದಿ ಪಳಗಿದ ನಾವು
ಅದಕ್ಕೆಲ್ಲ ಬೇಜಾರು ಮಾಡುವವರಲ್ಲ.
ಫಾಂಟು ಹುಡುಕಿ ಹಾಕಿದೆವು.
ಎಡಗೋಡೆಗೆ ಒರಗಿ ಎದ್ದು ನಿಂತಿತು: ಸೆಕೆಂಡು.

ಆಮೇಲೆ ಗೆರೆ.
ನಾನು ಗಣಿತದ ಮಾಷ್ಟ್ರು, ಸ್ಕೇಲು ತೋರಿಸಿ ಹೇಳಿದೆ:
ಬೇಸಿಗೆಗೆ ಏರುತ್ತದೆ, ಮಳೆಗೆ ಇಳಿಯುತ್ತದೆ, ತಲೆಕೆಳಗು.
ನೀರು ಕಾಣಬೇಕಾದರೆ
ಒಂದನ್ನು ಇದರಿಂದ ಭಾಗಿಸಿದರಾಯಿತು.
ಮಿಸ್ರಿಯ ಭಾಗಿಸಲು ಹೊರಟವಳ ಕೈಯನ್ನು
ಗುಲಾಬಿಯಕ್ಕ ಹಿಡಿದಳು.
"ಬೇಡ ಮಗಾ. ನೀರನ್ನು ಎಲ್ಲರೂ ಕಂಡಿದ್ದಾರೆ.
ಇದು ನಾನು ಕೂತದ್ದು."

ಮತ್ತೆ ಕನ್ನಡಕ ಮೇಲೇರಿಸಿ, ಬಾಗಿ,
ಪರದೆಯ ನಡುವೆ ಒಂದು ಕಡೆ ಬೆರಳಿಟ್ಟಳು.
"ಈ ನೆಟ್ಟಗಿನದ್ದು ಯಾರು ಬರೆದದ್ದು?"

ಆರನೇ ವರ್ಷ. ಪುಸ್ತಕದಲ್ಲಿ ಒಂಬತ್ತು ವಾರ ಖಾಲಿ.
ಈಚೆಯ ಚುಕ್ಕಿಯಿಂದ ಆಚೆಯ ಚುಕ್ಕಿಗೆ
ಸಾಫ್ಟ್‌ವೇರು ತಾನೇ ಒಂದು ಕಾಲುಸಂಕ ಹಾಕಿತ್ತು.
"ಆಗ ಒಳಗೆ ಮಣ್ಣು ಜರಿದಿತ್ತು.
ಇವರು ಮಂಗಳೂರಿನ ಆಸ್ಪತ್ರೆಯಲ್ಲಿ.
ನೀರು ಬಂತೋ ನಿಂತಿತೋ
ನೋಡಿದವರು ಯಾರೂ ಇಲ್ಲ."

ಮಿಸ್ರಿಯ ಒಂದೊಂದೇ ಮೆನು ತೆರೆದಳು, ಮುಚ್ಚಿದಳು.
ಇಂಟರ್ವಲ್ಲಿನ ಬೆಲ್ಲು ಹೊಡೆಯಿತು, ಏಳಲಿಲ್ಲ.
ಎಲ್ಲೋ ತೀರಾ ಕೆಳಗೆ,
ಯಾರೋ ಮೊದಲೇ ಯೋಚಿಸಿ ಇಟ್ಟಂತೆ
ಒಂದು ಪುಟ್ಟ ಚೌಕ. ಅದರ ಟಿಕ್ಕು ತೆಗೆದಳು.

ಸಂಕ ಹೋಯಿತು.
ಎರಡು ದಡ ಉಳಿದವು, ನಡುವೆ
ಬರೇ ಬಿಳಿ.

"ಹಾಂ, ಈಗ ಸರಿ," ಎಂದಳು ಗುಲಾಬಿಯಕ್ಕ.
ಪ್ರಿಂಟನ್ನು ಮಡಚದೆ ಪುಸ್ತಕದೊಳಗಿಟ್ಟು
ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ತಿರುಗಿ ಕೇಳಿದಳು:
"ಆ ಚೌಕ ಇಟ್ಟವರು ಯಾರು ಮಾಷ್ಟ್ರೇ?
ಕಾದು ಗೊತ್ತುಂಟಾ ಅವರಿಗೆ?"

ಗೊತ್ತಿಲ್ಲ ಅಕ್ಕ, ಎಂದೆ.