ಇಟಲಿ ಮಾಲು

ಕೌಲ್ ಬಜಾರಿನ ಗೌಸ್‌ಪೀರನ ಗುಜರಿಯಲ್ಲಿ
ಕೂಲರಿನ ತಗಡು, ಒಡೆದ ಗ್ರೈಂಡರು,
ಜೀನ್ಸ್ ಹೊಲಿಯುವ ಮಷೀನುಗಳ ಕಾಲಿನ ರಾಶಿ.
ಅದರ ಮೇಲೆ ಮಗ್ಗುಲಾಗಿ ಮಲಗಿತ್ತು.
ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿದ ಹ್ಯಾಂಡಲ್ಲು,
ಕೊಂಬಿನ ಪಟ್ಟಿ ಹಳೇ ಬ್ಯಾಂಡೇಜಿನಂತೆ ಬಿಚ್ಚಿಕೊಂಡು.
ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ,
ಬೆಲ್ಲು ಇದ್ದ ಗುರುತೂ ಇಲ್ಲ.

"ಅಸಲಿ ಇಟಲಿ ಮಾಲೈತೆ ಅಕ್ಕಾ."
ಕೊಳವೆಯ ಮೇಲೆ ಹಸಿರು ಬಿಳಿ ಕೆಂಪು ಸ್ಟಿಕ್ಕರು,
ಹೆಸರು ಹೋಗಿ ಹೆಸರಿನ ಬಾಲ ಉಳಿದಿತ್ತು.
ಎಂಟು ಸಾವಿರ.

ತೋರಣಗಲ್ಲಿನ ಶೆಡ್ಡೊಂದರಲ್ಲಿ ಹನ್ನೊಂದು ವರ್ಷದಿಂದ
ಬೆಸುಗೆ ತಪಾಸಣೆ ನನ್ನ ಕೆಲಸ.
ಬೇರೆಯವರು ಕೂಡಿಸಿದ್ದನ್ನು ನೋಡಿ
ನಿಂತೀತೋ ಇಲ್ಲವೋ ಹೇಳುವುದು.
(ಮನೆಯಲ್ಲೂ ಕೇಳುತ್ತಾರೆ, ಸಂಬಂಧ ಬಂದಾಗ.
ಅಲ್ಲಿ ನಾನು ಬಾಯಿ ಬಿಡುವುದಿಲ್ಲ.)

ಸೀಮೆಎಣ್ಣೆಯ ಚಿಂದಿ ಇಸಕೊಂಡು ತಿಕ್ಕಿದೆ.
ಮೊದಲು ಊರಿನ ಕೆಂಪು ಹೋಯಿತು, ಅದಿರಿನ ಧೂಳು.
ಆಮೇಲೆ ಯಾರೋ ಬ್ರಶ್ಶಿನಲ್ಲಿ ಬಳಿದ ಗೇಟಿನ ನೀಲಿ.
ಅದರಡಿ ಉಗುರಗಲ ಬೂದು, ನುಣ್ಣಗೆ,
ಪಾರಿವಾಳದ ಕತ್ತು.
ಕೊಳವೆಗೆ ಕೊಳವೆ ಸೇರುವಲ್ಲಿ ಬೆಸುಗೆಯ ಗಂಟಿರಲಿಲ್ಲ.
ಸಂದಿ ಸಂದಿಗೂ ಎಲೆಯ ತುದಿಯಂಥ ತೋಳು ತೊಡಿಸಿ
ಒಳಗೆ ಹಿತ್ತಾಳೆ ಕರಗಿಸಿ ಕುಡಿಸಿದ್ದರು.
ಅಂಚಿಗೆ ದಾರದಷ್ಟು ಹಳದಿ, ಎಲ್ಲೂ ಕಡಿಯದೆ.
ಆ ಕೈ ನಮ್ಮ ಶೆಡ್ಡಿನಲ್ಲಿದ್ದಿದ್ದರೆ
ನೋಡದೆ ಸಹಿ ಹಾಕಿ ಮನೆಗೆ ಹೋಗುತ್ತಿದ್ದೆ.

ತಲೆಕೆಳಗು ಮಾಡಿದೆ. ಪೆಡಲಿನ ಅಚ್ಚಿನ ಕೆಳಗೆ ಐದಂಕಿ.
ನಡುವಿನದು ಮೂರೋ ಎಂಟೋ,
ತುಕ್ಕು ತಿಂದು ಎರಡೂ ಆಗಿತ್ತು.
ಬಲಗಡೆ ಬಟ್ಟಲಿಗೆ ಪಾನಾ ಹಾಕಿ
ಲೋಕದ ತಿರುಪೆಲ್ಲ ಬಿಚ್ಚುವಂತೆ ಎಡಕ್ಕೆ ತಿರುವಿದೆ,
ಮಿಸುಕಲಿಲ್ಲ.
ಬಲಕ್ಕೆ ತಿರುವಿದೆ. ಕಿರ್ರೆಂದು ಸಡಿಲಾಯಿತು.

"ಗೌಸಣ್ಣಾ, ಇಟಲಿಯವರು ಎರಡೂ ಕಡೆ ಒಂದೇ ದಿಕ್ಕಿಗೆ ಥ್ರೆಡ್ ಕೊರೀತಾರೆ.
ಇದು ಉಲ್ಟಾ ಬಿಚ್ಚಿತು, ಇಂಗ್ಲಿಷರ ರೂಢಿ.
ಅಲ್ಲೇ ಹುಟ್ಟಿತೋ, ಲೂಧಿಯಾನದಾಗೆ ಹುಟ್ಟಿತೋ,
ಇಟಲಿ ಮಾತ್ರ ಅಲ್ಲ."
"ಬಾಜೂ ಊರಿಂದಾದ್ರೂ ಇರಬೋದು ಬಿಡಕ್ಕಾ" ಎಂದ.
ಐದು ಸಾವಿರ.

ಸೀಟಿನ ಕೋಲು ಎಳೆದಾಗ
ಜತೆಗೊಂದು ತಗಡಿನ ಸುರುಳಿ ಬಂತು.
ಕೋಲು ಸಣ್ಣದು, ಕೊಳವೆ ದೊಡ್ಡದು, ಕೂದಲೆಳೆಯ ಅಂತರ.
ಅಷ್ಟಕ್ಕೆ ಯಾರೋ ನಶ್ಯದ ಡಬ್ಬಿ ಕತ್ತರಿಸಿ,
ಅಂಚು ಮಡಚಿ, ಮಡಿಕೆಗೆ ಮೂರು ಕಚ್ಚು ಹಾಕಿದ್ದರು.
ಗೌಸ್‌ಪೀರ್ ನನ್ನ ಕೈಯಿಂದ ಕಿತ್ತುಕೊಂಡ.
ಬಿಸಿಲಿಗೆ ಹಿಡಿದು ಕಚ್ಚುಗಳನ್ನು ಎಣಿಸಿದ,
ಮತ್ತೆ ಎಣಿಸಿದ.

"ಅಬ್ಬಾನ ಕೈ ಇದು.
ಬ್ರೂಸ್‌ಪೇಟೆ ಗೋಡೆ ಬದೀಗೆ ತಾಡಪಾಲು ಕಟ್ಟಿಕೊಂಡು ಕೂತಿರ್ತಿದ್ರು.
ಕತ್ತರಿ ಹಿಡಿಯೋಕೆ ಮುಂಚೆ ಒಂದು ಚಿಟಿಕೆ ಏರಿಸಬೇಕು.
ಮೂರು ಕಚ್ಚು. ನಾನು ಎರಡು ಹಾಕಿದ್ರೆ
ತಲೆ ಮೇಲೆ ಮೊಟಕ್ತಿದ್ರು."

ಯಾರ ಸೈಕಲ್ಲು, ಯಾವ ವರ್ಷ ಎಂದು ಕೇಳಿದೆ.
ಗೊತ್ತಿಲ್ಲ ಎಂದ, ಸೈಕಲ್ಲಿನ ಕಡೆ ನೋಡದೆ.
ತಗಡನ್ನು ಅಂಗಿಯ ಕಿಸೆಗೆ ಹಾಕಿ ಗುಂಡಿ ಹಾಕಿಕೊಂಡ.
ಬೆಲೆಯಲ್ಲಿ ನೂರು ರೂಪಾಯಿ ಇಳಿಸಲಿಲ್ಲ.
ಕಾಲಡಿಯ ತಂಪುಪಾನೀಯದ ಡಬ್ಬಿ ಎತ್ತಿ
ನನಗೊಂದು ಹೊಸ ಸುರುಳಿ ಕತ್ತರಿಸಿಕೊಟ್ಟ.
ಎಣಿಸಿದೆ: ಎರಡೇ ಕಚ್ಚು.
ಹೇಳಲಿಲ್ಲ.

ಈಗ ಮೋಕಾ ರಸ್ತೆಯಲ್ಲಿ, ಲಾರಿಗಳು ಏಳುವ ಮುಂಚೆ,
ಕೊಂಬು ಹಿಡಿದು ಬಗ್ಗಿ ತುಳಿಯುತ್ತೇನೆ.
ಹತ್ತು ಕಿಲೋಮೀಟರಿಗೊಂದು ಬೆರಳು ಸೀಟು ಕುಸಿಯುತ್ತದೆ.
ಇಳಿದು, ಎಳೆದು, ಬಿಗಿದು, ಮತ್ತೆ ಹತ್ತುತ್ತೇನೆ.
ಯಾವ ಕಂಪನಿದು ಎಂದು ಚಹಾದಂಗಡಿಯಲ್ಲಿ ಕೇಳುತ್ತಾರೆ.
ಮೂರೋ ಎಂಟೋ ಇನ್ನೂ ಗೊತ್ತಾಗಿಲ್ಲ ಅನ್ನುತ್ತೇನೆ.