ಅರ್ಧ ಸುತ್ತು

ರಜಿಸ್ಟರದಾಗ ಐದು ಕಾಲಂ ಅವ:
ನಂಬರ, ಜಾತಿ, ಎತ್ತರ, ಬದುಕ್ಯದ, ಸತ್ತದ.
ಜಾತಿ ಅಂದ್ರ ಗಿಡದ್ದು. ಬೇವು, ಹೊಂಗೆ, ತಪಸಿ.
ಮೊದಲ್ನೇ ದಿನ ನಾ ನಂದೇ ಬರೀಲತ್ತಿದ್ದೆ,
ತ್ರಿಪಾಠಿ ಸಾಹೇಬ್ರು ನಕ್ಕು ಗೀಚಿ ಹಾಕಿದ್ರು.

ಸೇಡಂ ದಾರಿಗುಂಟ, ಕಾರ್ಖಾನಿ ಕಂಪೌಂಡಿನ ತನಕ
ಆರ್ನೂರಾ ನಲವತ್ತು ತಗ್ಗು.
ತಿಂಗಳಿಗೊಮ್ಮೆ ನಡೀತೀನಿ, ಎಣಿಸ್ತೀನಿ,
ಎತ್ತರಕ್ಕ ಮೊಳಕೈ ಹಿಡಿದು ನೋಡ್ತೀನಿ.
ತಗ್ಗು ಹಳೇವು. ಸಸಿ ಮಾತ್ರ ವರ್ಷಾ ಹೊಸಾವು.
ಜೂನ್ ಐದಕ್ಕ ಬ್ಯಾನರ್ ಕಟ್ತಾರ,
ಹ್ವಾದ ವರ್ಷದ ಒಣಕಡ್ಡಿ ಕಿತ್ತು
ಅದೇ ತಗ್ಗಿನಾಗ ಈ ವರ್ಷದ ಹಸರು ಇಳಸ್ತಾರ.
ನಂಬರ ಬದಲಾಗಲ್ಲ. ಹಂಗಾಗಿ ರಜಿಸ್ಟರದಾಗ
ನಾಲ್ಕುನೂರಾ ಹನ್ನೆರಡು ಎಂದೂ ಸತ್ತಿಲ್ಲ.

ಸುಳ್ಳ್ಯಾಕ ಹೇಳ್ಲಿ, ಕಂಪನಿ ಕೊಟ್ಟದ.
ಹೆಣ್ಮಕ್ಕಳ ಸಾಲಿಗಿ ಕದ ಇರೋ ಪಾಯಖಾನಿ,
ಕದಕ್ಕ ಒಳಗಿನ ಚಿಲಕ ಸೈತ.
ನನ್ನ ಮಗಳು ಹದಿಮೂರಕ್ಕ ಸಾಲಿ ಬಿಡೋದು, ಬಿಡದಿರೋದು
ಆ ಚಿಲಕದ ಮ್ಯಾಗ ನಿಂತಿತ್ತು.
ಮಂಗಳಾರಕ್ಕೊಮ್ಮೆ ದವಾಖಾನಿ ಗಾಡಿ ಬರ್ತದ,
ಕೆಮ್ಮಿಗಿ ಗುಳಗಿ ಪುಕಟ.
ಕೆಮ್ಮು ಎಲ್ಲಿಂದ ಬಂತು ಅಂತ ಗಾಡಿ ಕೇಳಲ್ಲ,
ನಾವೂ ಹೇಳಲ್ಲ.
ಎರಡೂ ಕಡಿ ಮರ್ಯಾದಿ.

ಕಣ್ಣಿನ ಶಿಬಿರದಾಗ ನನಗೊಂದು ಚಾಳೀಸು ಸಿಕ್ತು.
ಹಾಕ್ಕೊಂಡು ಹೊರಗ ಬಂದ ದಿನ
ಬೇವಿನ ಎಲಿಗಿ ಅಂಚು ಅದ, ಅಂಚಿಗಿ ಹಲ್ಲು ಅವ
ಅಂತ ಮೊದಲ ಸಲ ಕಂಡೆ.
ಎಲಿ ಮ್ಯಾಗ ಹಿಟ್ಟಿನಂಥ ಬೂದಿ ಕೂತದ್ದೂ ಕಂಡೆ.
ತೊಗರಿ ಹೂವಿನ ಮ್ಯಾಗ, ಮಾಳಿಗಿ ಮ್ಯಾಗ,
ಒಣಹಾಕಿದ ಕುಪ್ಪಸದ ಮ್ಯಾಗ,
ನಮ್ಮತ್ತಿ ಹುಬ್ಬಿನ ಮ್ಯಾಗ. ಅದನ್ನ ನಾ
ಇಷ್ಟು ದಿನ ವಯಸ್ಸು ಅಂದ್ಕೊಂಡಿದ್ದೆ.

ಧೂಳಿ ಅವರದು, ಧೂಳಿ ಕಾಣೋ ಕಣ್ಣೂ ಅವರದೇ.
ಬೈಲಿಕ್ಕಿ ಬಾಯಿ ತೆಗದ್ರ
ಚಾಳೀಸು ಮೂಗಿನ ಮ್ಯಾಗಿಂದ ಜಾರ್ತದ.

ಈಗ ಆ ಬೇವಿನ ಸುದ್ದಿ.
ಹಣಮ್ಯಾನ ಚಹಾದಂಗಡಿ ಎದುರು, ಎರಡು ತಗ್ಗಿನ ನಡುವ,
ಯಾರೂ ಹಚ್ಚದ ಗಿಡ. ಕಾಗಿ ಉಗುಳಿದ ಬೀಜ ಇರಬೇಕು.
ಮಸ್ತಾನಸಾಬ ನೀರಿನ ಟ್ಯಾಂಕರ್ ಅಲ್ಲೇ ನಿಲ್ಲಿಸಿ
ದಿನಾ ಎರಡು ಕಪ್ಪು ಕುಡೀತಿದ್ದ.
ಟ್ಯಾಂಕರಿನ ನಳದ ವಾಶರ್ ಸವೆದಿತ್ತು.
ಅವ ಕುಡಿಯೋತನಕ ಅದೂ ಕುಡೀತಿತ್ತು.
ಆರು ವರ್ಷಕ್ಕ ಟ್ಯಾಂಕರ್ ದಾಟಿ ಬೆಳೀತು.
ಹ್ವಾದ ವರ್ಷ ದೊಡ್ಡ ಸಾಹೇಬ್ರು ದಿಲ್ಲಿಯಿಂದ ಬಂದಾಗ
ಬಿಸಿಲು ತಾಳಲಾರದೆ ಅದರ ನೆಳ್ಳಾಗೇ ನಿಂತು
ಫೋಟೋ ತೆಗೆಸಿಕೊಂಡ್ರು.
ಯಾವ ವರ್ಷದ್ದಿದು, ಅಂತ ಕೇಳಿದ್ರು.
ತ್ರಿಪಾಠಿ ಸಾಹೇಬ್ರು ನನ್ನ ಕಡಿ ನೋಡಿದ್ರು.
ನಾ ರಜಿಸ್ಟರ ತಿರುವಿದೆ. ಭಾಳ ಹೊತ್ತು ತಿರುವಿದೆ.
ನಾಲ್ಕುನೂರಾ ಹನ್ನೆರಡು, ಅಂದೆ.

ಈ ವರ್ಷ ಹೊಸಾ ಟ್ಯಾಂಕರ್ ಬಂತು.
ಮೈಮ್ಯಾಗ ಹಸರು ಎಲಿ ಚಿತ್ರ,
ಕೆಳಗ 'ಹನಿ ಹನಿ ಉಳಿಸಿರಿ'.
ನಳ ಹಿತ್ತಾಳಿದು. ಒಂದು ಹನಿ ಸೋರಲ್ಲ.
ಏಪ್ರಿಲ್ ಹೊತ್ತಿಗಿ ಬೇವಿನ ತುದಿ ಬಗ್ಗಿತು.
ಅದನ್ನ ಬರೀಲಿಕ್ಕಿ ಕಾಲಂ ಇಲ್ಲ.

ಮಾಮಾ, ನಳ ಜರಾ ಢಿಲ್ಲಾ ಬಿಡು, ಅಂದೆ.
ಮಸ್ತಾನಸಾಬ ಟ್ಯಾಂಕರಿನ ಬರಹ ತೋರಿಸ್ದ.
ನಾ ಗಿಡ ತೋರಿಸ್ದೆ.
ಹಣಮ್ಯಾ ಒಂದು ಮಾತಾಡದೇ
ಮೂರನೇ ಕಪ್ಪು ಸುರುವಿದ.

ಅರ್ಧ ಸುತ್ತು. ಅಷ್ಟೇ.

ಸಂಜಿಗಿ ನಾ ಬರದೆ:
ನಂಬರ ೪೧೨, ಬೇವು,
ಎತ್ತರ ನನ್ನ ಕೈಗಿ ನಿಲುಕಲ್ಲ, ಬದುಕ್ಯದ.
ಆಚೀಕಡಿ ಮಸ್ತಾನಸಾಬ ಗಾಡಿ ಬುಕ್ಕಿನಾಗ
ಹತ್ತು ಲೀಟರ್ ಕಡಿಮಿ ಬಿದ್ದದ್ದಕ್ಕ
ಕಾರಣ ಬರೀಲತ್ತಿದ್ದ, ಪೆನ್ನಿನ ತುದಿ ಕಚ್ಚಿ, ನಿಧಾನ:
ಬಿಸಿಲಿಗಿ ಹಾರ್ಯದ.