ಹದಿನಾರನೇ ಗಾಜು

ಆ ಗುಡ್ಡ ನಾ ಕಂಡಿಲ್ಲ.
ಹನ್ನೊಂದು ಸಾವಿರ ಅಡಿ ಅಂತಿದ್ರು, ಹಿಂಜಿದ ಅರಳಿಯಂಥ ಹಿಮ ಅಂತಿದ್ರು.
ನಾ ಕಂಡದ್ದು ಅಲ್ಲಿಂದ ಬರೂ ಪೆಟಗಿ:
ಕರೀ ಕಾಗದ, ಅದರೊಳಗ ಮತ್ತೊಂದು ಕರೀ ಕಾಗದ,
ಕಡೀಕ ಅಂಗೈಯಗಲ ಗಾಜು,
ಮ್ಯಾಲ ಬೆಳ್ಳಿ ಉಪ್ಪು ಬೆರೆಸಿದ ದಪ್ಪನ ಅಂಟು.
ಮೂರು ತಿಂಗಳು ಅದು ಆಕಾಶದ ಕೆಳಗ ಸುಮ್ನ ಕುಂತಿತ್ತು,
ಬಂದದ್ದೆಲ್ಲ ಬರಕೊಂಡಿತ್ತು.

ಹಳೇ ಬಾಗಲಕೋಟಿ, ಕಾಲೇಜಿನ ಹಿಂದಿನ ಕೋಣಿ.
ಹತ್ತು ತಾಸು ಕಣ್ಣು ಕೀಲಿಸಿ ಕೂಡೋರು ಎಲ್ಲಿ ಸಿಗತಾರ,
ಕೆರೂರ ಮಾಸ್ತರು ಕೇಳಿದ್ರಂತ.
ಗುಳೇದಗುಡ್ಡದಾಗ ನೋಡ್ರಿ, ಅಂದ್ರಂತ ಯಾರೋ.
ಹಂಗ ಬಂದಾಕಿ ನಾನು, ನೀಲಾಂಬಿಕಾ ಚಿಲ್ಲಾಳ,
ಹಾಸಿನಾಗ ಕಡದ ಎಳಿ
ಬೆರಳಿಲೇ ಹುಡುಕೂ ಮನಿತನದಾಕಿ.

ದಿನಕ್ಕ ಮೂರು ರೂಪಾಯಿ.
ಸೂಕ್ಷ್ಮದರ್ಶಕದ ಹಿತ್ತಾಳಿ ಗಾಲಿ,
ಎಡಕ್ಕ ಒಂದು ಕೂದಲೆಳಿಯಷ್ಟು, ಮತ್ತೊಂದು ಕೂದಲೆಳಿಯಷ್ಟು.
ಕರೀ ಚುಕ್ಕಿ, ಚುಕ್ಕಿ, ಚುಕ್ಕಿ. ಸಾಲು ಹಿಡದ್ರ ಹಾದಿ.
ಒಂದ ಬಿಂದುವಿನಿಂದ ಎಂಟು ಹಾದಿ ಸಿಡದ್ರ
ಮಾಸ್ತರು ನಕ್ಷತ್ರ ಅಂತಿದ್ರು.
ನನಗದು ಸೂರ್ಯನಾರಾಯಣ,
ಅವ್ವ ನೇಯೂ ಖಣದ ಬುಟ್ಟಾ.
ಹೇಳಲಿಲ್ಲ. ವಹಿಯೊಳಗ ಬರದೆ: ನಕ್ಷತ್ರ, ಎಂಟು ಕಾಲು.

ಒಮ್ಮೆ ಮುಂಬೈದಿಂದ ಬಂದವರು ಕಣ್ಣಿಟ್ಟು ನೋಡಿ
ಇಂಥಾದ್ದು ಜಗತ್ತಿನಾಗ ಯಾರೂ ಕಂಡಿಲ್ಲ ಅಂದ್ರು. ಚಾ ತರಿಸಿದ್ರು.
ನಾ ಗಾಲಿ ತಿರುವಿದೆ, ಮ್ಯಾಲ, ಕೆಳಗ.
ಹಾದಿಯಾದ್ರ ಆಳಕ್ಕ ಇಳೀತೈತಿ,
ಒಂದು ಚುಕ್ಕಿ ಮಸಕಾದ್ರ ಮುಂದಿನದು ತಿಳಿಯಾಗತೈತಿ.
ಇದು ಬರೇ ಮ್ಯಾಲಿತ್ತು.
"ಗೀರು ಐತ್ರಿ ಸರ. ಯಾರದೋ ಉಗುರು."
ಚಾ ಆರಿತು.

ಹದಿನಾರನೇ ಗಾಜಿನ ಕತಿ ಬ್ಯಾರೆ.
ರಸೀದಿ ಕಳದು ಟೇಸನ್ನಿನ ಪಾರ್ಸಲ್ ಕೋಣ್ಯಾಗ
ಹನ್ನೆರಡು ದಿನ ಬಿದ್ದಿತ್ತು ಅದು,
ಒಣಮೆಣಸಿನಕಾಯಿ ಚೀಲದ ಮಗ್ಗಲಾಗ, ಯಾರದೋ ಸೈಕಲ್ಲಿನ ಕೆಳಗ.
ತೊಳದು ನೋಡಿದ್ರ
ಗುಡ್ಡದ ಹಾದಿಗಳ ನಡುವ ನಮ್ಮೂರಿನವೂ.
"ಕೆಟ್ಟಹೋತು," ಅಂದ್ರು ಮಾಸ್ತರು,
"ಅಲ್ಲೀದು ಯಾವುದು, ಇಲ್ಲೀದು ಯಾವುದು ಹೆಂಗ ಹೇಳೂದು?"

ನಾ ಅಂಗೈ ನೋಡಿಕೊಂಡೆ.
ಇಲ್ಲಿಗೂ ಮಿನಿಟಿಗೆ ನೂರು, ಅಂದ್ರು ಅವರು, ಬ್ಯಾಸರದಿಂದ.
ಹಂಗಾದ್ರ ಟೇಸನ್ನಿನ ತಗಡಿಗೂ ಬೀಳತಾವ.
ಕುಣಿಮಗ್ಗದಾಗ ಕಾಲು ಇಳಿಬಿಟ್ಟ ಅವ್ವನ ನೆತ್ತಿ ಹೊಕ್ಕು
ಹಾಸು ದಾಟಿ, ಲಾಳಿ ದಾಟಿ, ಕುಣಿ ದಾಟಿ
ನೆಲದೊಳಗ ಹೋಗತಾವ.
ಆಕಿ ಮಿಸುಕೂದಿಲ್ಲ.

ಆ ಕೋಣಿ ಈಗ ಆಲಮಟ್ಟಿ ಹಿನ್ನೀರಿನ ತಳದಾಗ.
ನೀರಿಗೂ ಅವು ಪೂರಾ ನಿಲ್ಲೂದಿಲ್ಲಂತ.

ಒಗದು ಬಾ ಅಂತ ಕೊಟ್ಟ ಗಾಜು ನಾ ಒಗೀಲಿಲ್ಲ.
ಟ್ರಂಕಿನಾಗೈತಿ. ತೊಳದ ಗಾಜು, ಇನ್ನೇನೂ ಬರಕೊಳ್ಳೂದಿಲ್ಲ.
ಸುತ್ತಿದ್ದು ಅವ್ವ ನೇದ ಕಡೀ ಖಣ.
ಅದರ ಒಂದು ಬುಟ್ಟಾಕ್ಕ ಏಳ ಕಾಲು.
ತಿರುವಿ ನೋಡೀನಿ, ಮ್ಯಾಲ, ಕೆಳಗ.
ಗೀರಲ್ಲ.
ಒಳತನಕ ಐತಿ.